ಪುಕ್ಕಟೆ ಗುಳಿಗೆ, ಕಸದ ಲೆಕ್ಕ ಯಾರದು?

ಶಾಲೇಲಿ ಮೇಷ್ಟ್ರು ಎದುರಿಗೆ ನಿಂತು ಅಗಿಸ್ತಿದ್ದ ಜಂತುಹುಳದ ಗುಳಿಗೆ ನೆನಪಿದೆಯಾ? ಅದೇ ಅಲ್ಬೆಂಡಜೋಲ್, 400 ಮಿಲಿಗ್ರಾಂ. 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಅಂತ ಮಾಡಿ, 1ರಿಂದ 19 ವರ್ಷದವರಿಗೆ ಪುಕ್ಕಟೆ ಕೊಡ್ತಾರೆ.

ಒದ್ದೆ ಮಣ್ಣಲ್ಲಿ ಬರಿಗಾಲಲ್ಲಿ ಓಡಾಡೋರಿಗೆ ಇದು ಸಣ್ಣ ವಿಷಯ ಅಲ್ಲ. ಕೊಕ್ಕೆಹುಳದ ಮರಿ ಪಾದದ ಚರ್ಮ ತೂರಿ ಒಳಗೆ ಹೋಗಿ, ಕರುಳಲ್ಲಿ ಕೂತು ರಕ್ತ ಹೀರುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ‘ನಿರ್ಲಕ್ಷಿತ ಉಷ್ಣವಲಯದ ಕಾಯಿಲೆ’ಗಳ ಪಟ್ಟಿಯಲ್ಲಿ ಇದೂ ಇದೆ. ನಿರ್ಲಕ್ಷಿತ ಯಾಕೆ? ಹೆಚ್ಚಾಗಿ ಬರೋದು ಬಡವರಿಗೆ, ಔಷಧದಲ್ಲಿ ಲಾಭ ಕಡಿಮೆ.

ನಾನು ಓದಿದ್ದು ಬಿ.ಕಾಂ., ಹಾಗಾಗಿ ಖರ್ಚಿನ ಕಡೆ ಕಣ್ಣು ಹೋಗುತ್ತೆ. ಸಂಡೂರಿನ ಗಣಿ ನೋಡಿದೋರಿಗೆ ಗೊತ್ತು: ಅದಿರು ಲಾರಿ ಹತ್ತುತ್ತೆ, ಅಗೆದ ಮಣ್ಣು ಗುಡ್ಡದಲ್ಲೇ ಉಳಿಯುತ್ತೆ. ರಸಾಯನಶಾಸ್ತ್ರಜ್ಞ ರೋಜರ್ ಶೆಲ್ಡನ್ 1992ರಲ್ಲಿ ಕಾರ್ಖಾನೆಗಳಿಗೂ ಇಂಥದ್ದೇ ಲೆಕ್ಕ ಹಾಕಿದ್ರು. ಹೆಸರು ‘ಇ-ಫ್ಯಾಕ್ಟರ್’: 1 ಕಿಲೋ ಮಾಲಿಗೆ ಎಷ್ಟು ಕಿಲೋ ಕಸ? ಔಷಧಗಳಲ್ಲಿ ಅದು 25ರಿಂದ 100 ಕಿಲೋ, ಕೆಲವೊಮ್ಮೆ ಇನ್ನೂ ಜಾಸ್ತಿ! ಅದರಲ್ಲಿ ಬಹುಪಾಲು, ರಾಸಾಯನಿಕಗಳನ್ನು ಕರಗಿಸೋಕೆ ಬಳಸಿದ ದ್ರಾವಕ.

ಆ ಕಸ ನೀರಿಗೆ ಸೇರಿದ್ರೆ? ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿ ಔಷಧ ಕಾರ್ಖಾನೆಗಳ ತ್ಯಾಜ್ಯನೀರನ್ನು ಸಂಸ್ಕರಿಸಿ ಬಿಟ್ಟ ಮೇಲೂ ಅದರಲ್ಲಿ ಭಾರಿ ಪ್ರಮಾಣದ ಆ್ಯಂಟಿಬಯೋಟಿಕ್ ಇತ್ತು ಅಂತ 2007ರಲ್ಲೇ ಸಂಶೋಧಕರು ಬರೆದಿದ್ರು.

ಕಸ ಆದ್ಮೇಲೆ ತೊಳೆಯೋದಲ್ಲ, ಕಸವೇ ಕಡಿಮೆ ಹುಟ್ಟೋ ಹಾಗೆ ಮಾಡೋದು ‘ಹಸಿರು ರಸಾಯನಶಾಸ್ತ್ರ’. ಇದಕ್ಕೆ ಹತ್ತಿರದ ಉದಾಹರಣೆ ಐವರ್‌ಮೆಕ್ಟಿನ್. ನಮ್ಮ ಯಾದಗಿರಿ ಜಿಲ್ಲೇಲಿ ಆನೆಕಾಲು ರೋಗ ತಡೆಯೋಕೆ ಇನ್ನೆರಡು ಔಷಧಗಳ ಜೊತೆ ಕೊಟ್ಟಿದ್ದು ಇದನ್ನೇ. ಇದರ ಮೂಲ ವಸ್ತುವನ್ನು ತಯಾರಿಸೋದು ಮಣ್ಣಿನ ಒಂದು ಬ್ಯಾಕ್ಟೀರಿಯಾ. ಜಪಾನಿನ ಸತೋಶಿ ಒಮುರಾ ಅದನ್ನು ಹುಡುಕಿದ್ರು, 2015ರಲ್ಲಿ ನೊಬೆಲ್ ಬಂತು. ದೋಸೆ ಹಿಟ್ಟು ಹುದುಗೋ ಹಾಗೆ, ಟ್ಯಾಂಕಲ್ಲಿ ಬ್ಯಾಕ್ಟೀರಿಯಾ ಕಷ್ಟದ ಕೆಲಸ ಮುಗಿಸುತ್ತೆ. ಕೊನೆಗೆ ಹೈಡ್ರೋಜನ್ ಸೇರಿಸಿ ಸ್ವಲ್ಪ ಬದಲಾಯಿಸಿದ್ರೆ ಔಷಧ ರೆಡಿ. ಹಾಗಂತ ಕಸ ಸೊನ್ನೆ ಅಲ್ಲ. ಬೇರ್ಪಡಿಸೋಕೆ ಇಲ್ಲೂ ದ್ರಾವಕ ಬೇಕು. ಆದ್ರೆ ಹಂತ ಕಡಿಮೆ ಆದಷ್ಟು ಕಸ ಹುಟ್ಟೋ ಜಾಗಗಳೂ ಕಡಿಮೆ.

ಇದನ್ನ ಕೇಳಿ ಗುಳಿಗೆ ಬೇಡ ಅನ್ನಬೇಡಿ. ಮನೆ ಮಕ್ಕಳಿಗೆ ತಪ್ಪದೆ ಕೊಡಿಸಿ. ಕೇಳಬೇಕಾದ್ದು ಔಷಧ ಕೊಳ್ಳೋರನ್ನ. ಟೆಂಡರ್‌ನಲ್ಲಿ ಕಡಿಮೆ ರೇಟ್ ಜೊತೆ ಕಸದ ಲೆಕ್ಕಕ್ಕೂ ಒಂದು ಕಾಲಂ ಇರಲಿ. ಲೆಕ್ಕಕ್ಕೆ ಬರೆಯದ ಖರ್ಚು ಯಾರ ತಲೆ ಮೇಲೆ ಬೀಳುತ್ತೆ ಅಂತ ಗಣಿ ಸೀಮೆಯ ನಮಗೆ ಬೇರೆಯವರು ಹೇಳಿಕೊಡಬೇಕಾ?