ಕೊಂಡದ್ದು ವಸ್ತುವಲ್ಲ, ಅನುಮತಿ

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ ಕೊನೆಗೊಂಡಿತು. ವಿಂಡೋಸ್ 11ಕ್ಕೆ ಬೇಕಾದ ಟಿಪಿಎಂ 2.0 ಎಂಬ ಭದ್ರತಾ ಅಂಗವಿಲ್ಲದ ಹಳೆಯ ಗಣಕಯಂತ್ರವನ್ನು ಬಿಟ್ಟು ಹೊಸದನ್ನು ಜೋಡಿಸಿಕೊಳ್ಳುವವರು ಕೇಳುವುದುಂಟು: “ಹಳೆಯದರಲ್ಲಿದ್ದ ವಿಂಡೋಸನ್ನು ಇದಕ್ಕೆ ಸಾಗಿಸಬಹುದಲ್ಲವೆ?”

ಬೀರುವಿನಿಂದ ಬೀರುವಿಗೆ ಪುಸ್ತಕವನ್ನು ಸಾಗಿಸಿದಂತೆ ಅಲ್ಲ ಇದು. ನಾವು ಹಣ ತೆತ್ತು ಪಡೆದುದು ತಂತ್ರಾಂಶವನ್ನಲ್ಲ, ಅದನ್ನು ಬಳಸುವ ಅನುಮತಿಯನ್ನು. ಮನೆಬಳಕೆಯವರಿಗೆ ದೊರೆಯುವ ಅನುಮತಿಯಲ್ಲಿ ಮುಖ್ಯವಾಗಿ ಎರಡು ಬಗೆ. ಬಿಡಿಯಾಗಿ ಕೊಂಡ ‘ರೀಟೇಲ್’ ಅನುಮತಿಯನ್ನು, ಹಳೆಯ ಯಂತ್ರದಿಂದ ತೆಗೆದುಹಾಕಿದ ಮೇಲೆ, ಹೊಸದಕ್ಕೆ ಒಯ್ಯಬಹುದು. ತಯಾರಕರು ಯಂತ್ರದೊಡನೆಯೇ ಕೊಟ್ಟ ‘ಓಇಎಂ’ ಅನುಮತಿಯಾದರೋ, ಕರಾರಿನ ಪ್ರಕಾರ, ಆ ಯಂತ್ರಕ್ಕೇ ಅಂಟಿದುದು.

ಯಂತ್ರದ ಗುರುತು ಸಿಗುವುದು ಅದರ ಬಿಡಿಭಾಗಗಳಿಂದ. ಅವುಗಳಲ್ಲಿ ಮದರ್‌ಬೋರ್ಡ್ ಪ್ರಧಾನ. ಸ್ಮರಣಕೋಶವನ್ನು ಹೆಚ್ಚಿಸಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಮದರ್‌ಬೋರ್ಡನ್ನೇ ಬದಲಿಸಿದರೆ ವಿಂಡೋಸ್ ನಮ್ಮನ್ನು ಅಪರಿಚಿತರೆಂದು ಬಗೆಯಬಹುದು. ಇನ್ನೊಂದು ಮಾತು: 10ರಿಂದ 11ಕ್ಕೆ ಉಚಿತವಾಗಿ ಏರಿದರೂ ಅನುಮತಿಯ ಜಾತಿ ಬದಲಾಗದು, ಓಇಎಂ ಓಇಎಂ ಆಗಿಯೇ ಉಳಿಯುತ್ತದೆ.

ಈ ಕಟ್ಟುಪಾಡು ಬೇಡವೆನ್ನುವವರಿಗೆ ಲಿನಕ್ಸ್ ಇದೆ. 1992ರಿಂದ ಜಿಪಿಎಲ್ ಎಂಬ ಪರವಾನಗಿಯಡಿ ಬಂದಿರುವ ಅದರ ತಿರುಳನ್ನು ಎಷ್ಟು ಯಂತ್ರಗಳಲ್ಲಾದರೂ ನೆಲೆಗೊಳಿಸಬಹುದು. ಯಾವುದನ್ನೇ ಆರಿಸಿಕೊಳ್ಳಲಿ, ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ಮುನ್ನ ಕರಾರನ್ನೊಮ್ಮೆ ಓದುವುದು ಲೇಸು.