ಹಳೆಯ ಟಿವಿ ಗೇಮ್, ಹೊಸ ಎಮ್ಯುಲೇಟರ್ ಮತ್ತು 50 ಹರ್ಟ್ಸ್

ಬೀದರ್ ನಗರದಲ್ಲಾಗಲಿ, ಭಾಲ್ಕಿ, ಔರಾದ್‌ಗಳಲ್ಲಾಗಲಿ 1990ರ ದಶಕದಲ್ಲಿ ಬಾಲ್ಯ ಕಳೆದವರಿಗೆ ‘ಟಿವಿ ಗೇಮ್’ ಎಂದರೇನೆಂದು ವಿವರಿಸಬೇಕಾಗಿಲ್ಲ. ಹಗುರವಾದ ಪ್ಲಾಸ್ಟಿಕ್ ಪೆಟ್ಟಿಗೆ, ತಂತಿಯಿರುವ ಎರಡು ರಿಮೋಟು, ಮೇಲಿನಿಂದ ಒತ್ತಿ ಕೂರಿಸುವ ಕ್ಯಾಸೆಟ್ಟು. ಟಿವಿಯ ಆಂಟೆನಾ ತಂತಿ ಕಳಚಿ ಅಲ್ಲಿ ಪೆಟ್ಟಿಗೆಯ ತಂತಿ ಸಿಕ್ಕಿಸಿ ಚಾನೆಲ್ ಹುಡುಕಿದರೆ ಆಟ ಶುರು. ಅದೇ ಆಟಗಳನ್ನು ಈಗ ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಎಮ್ಯುಲೇಟರ್ ಎಂಬ ತಂತ್ರಾಂಶದ ಮೂಲಕ ಆಡಿದವರಿಗೆ ಒಂದು ಅನುಮಾನ ಬರುವುದುಂಟು. ಆಟ ಅದೇ, ಆದರೆ ಯಾಕೋ ಜೋರಾಗಿ ಓಡುತ್ತದೆ. ಹಿನ್ನೆಲೆ ಸಂಗೀತವೂ ಗಡಿಬಿಡಿಯಲ್ಲಿದೆ. ಇದು ನೆನಪಿನ ಮೋಸವಲ್ಲ, ಗಡಿಯಾರ ಹಿಡಿದು ಅಳೆಯಬಹುದಾದ ಸಂಗತಿ. ಅದರ ಕಾರಣ ನಮ್ಮ ಮನೆಯ ಕರೆಂಟಿನವರೆಗೂ ಹೋಗುತ್ತದೆ. ಈಚಿನ ಎಮ್ಯುಲೇಟರುಗಳಲ್ಲಿ ಇದಕ್ಕೆಂದೇ ಒಂದು ಸೌಲಭ್ಯವಿದೆ.

ಮೊದಲು ಪೆಟ್ಟಿಗೆಯ ಪರಿಚಯ ಮಾಡಿಕೊಳ್ಳೋಣ. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ‘ಫ್ಯಾಮಿಕಾಮ್’ ಎಂಬ ಆಟದ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ನಮ್ಮಲ್ಲಿ ಮನೆಮನೆಗೆ ಬಂದದ್ದು ಹೆಚ್ಚಾಗಿ ಅದರ ನಕಲುಗಳು. ಮೂಲ ಯಂತ್ರದ ಸಂಸ್ಕಾರಕ 6502 ಎಂಬ ಪ್ರಸಿದ್ಧ ಚಿಪ್ಪಿನ ಒಂದು ರೂಪ. ಭಾರತ ಸರ್ಕಾರ 1984ರಲ್ಲಿ ಶಾಲೆಗಳಿಗಾಗಿ ಆರಂಭಿಸಿದ ‘ಕ್ಲಾಸ್’ ಯೋಜನೆಯ ಬಿಬಿಸಿ ಮೈಕ್ರೊ ಗಣಕದಲ್ಲಿದ್ದದ್ದೂ 6502 ಚಿಪ್ಪೇ. ಪಾಠ ಹೇಳಲು ಬಂದ ಗಣಕವೂ ಪಾಠ ಕೆಡಿಸುತ್ತದೆಂದು ಬೈಸಿಕೊಂಡ ಪೆಟ್ಟಿಗೆಯೂ ಒಳಗಿನಿಂದ ದಾಯಾದಿಗಳು! ಈ ಆಟದ ಯಂತ್ರದ ಕೆಲಸದ ಸ್ಮೃತಿ ಕೇವಲ 2,048 ಬೈಟ್. ಚಿತ್ರ ಬಿಡಿಸಲು ಬೇರೆಯೇ ಒಂದು ಚಿಪ್ ಇದ್ದು, ಅದಕ್ಕೂ 2,048 ಬೈಟ್ ಸ್ಮೃತಿಯಿದೆ.

ಎಮ್ಯುಲೇಟರ್ ಎಂದರೆ ಈ ಯಂತ್ರವನ್ನು ಸಂಖ್ಯೆಗಳ ರೂಪದಲ್ಲಿ ಮತ್ತೆ ಕಟ್ಟುವ ತಂತ್ರಾಂಶ. ಅದು ಕ್ಯಾಸೆಟ್ಟಿನಲ್ಲಿರುವ ಆದೇಶವನ್ನು ಒಂದೊಂದಾಗಿ ಓದಿ, 6502 ಏನು ಮಾಡುತ್ತಿತ್ತೋ ಅದನ್ನೇ ಮಾಡುತ್ತದೆ. ಬೀದರಿನ ಗುರುನಾನಕ್ ದೇವ್ ಇಂಜಿನಿಯರಿಂಗ್ ಕಾಲೇಜು, ಭಾಲ್ಕಿಯ ಭೀಮಣ್ಣ ಖಂಡ್ರೆ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಂಥ ಕಡೆ ಎಲೆಕ್ಟ್ರಾನಿಕ್ಸ್ ಓದುವವರಿಗೆ ಇದರಲ್ಲಿ ಹೊಸತೇನೂ ಕಾಣಲಿಕ್ಕಿಲ್ಲ; 8085 ಚಿಪ್ಪನ್ನು ಗಣಕದ ಪರದೆಯ ಮೇಲೆ ಅನುಕರಿಸುವ ತಂತ್ರಾಂಶಗಳೂ ಇದನ್ನೇ ಮಾಡುತ್ತವೆ. ಆದರೆ ಅಲ್ಲಿ ಕೊನೆಯ ಉತ್ತರ ಸರಿ ಬಂದರೆ ಸಾಕು. ಇಲ್ಲಿ ಉತ್ತರದ ಜೊತೆಗೆ ಅದು ಬಂದ ಹೊತ್ತೂ ಸರಿಯಿರಬೇಕು. ಸಂಸ್ಕಾರಕ ಒಂದು ಹೆಜ್ಜೆ ಇಡುವಷ್ಟರಲ್ಲಿ ಚಿತ್ರದ ಚಿಪ್ ಸರಿಯಾಗಿ ಮೂರು ಚುಕ್ಕೆ ಬಿಡಿಸಿರಬೇಕು. ಈ ಲೆಕ್ಕ ತಪ್ಪಿದರೆ ಅಂಕ ತೋರಿಸುವ ಪಟ್ಟಿ ಅಲುಗಾಡುತ್ತದೆ, ಕೆಲವು ಆಟ ನಿಂತೇಹೋಗುತ್ತದೆ. 1997ರಲ್ಲಿ ಹೆಸರು ಮಾಡಿದ ‘ನೆಸ್ಟಿಕಲ್’ನಂಥ ಮೊದಲ ಎಮ್ಯುಲೇಟರುಗಳು ವೇಗಕ್ಕಾಗಿ ಈ ಲೆಕ್ಕದಲ್ಲಿ ರಾಜಿ ಮಾಡಿಕೊಂಡಿದ್ದವು. ಇಂದಿನ ‘ಮೆಸೆನ್’ನಂಥವು ಚುಕ್ಕೆ ಚುಕ್ಕೆಗೂ ಲೆಕ್ಕ ಇಡುತ್ತವೆ.

ಕರೆಂಟಿನಿಂದ ಆಟದವರೆಗೆ

ಟಿವಿ ಹೊಸದಾಗಿದ್ದ ಕಾಲದಲ್ಲಿ ಪರದೆಯ ಚಿತ್ರ ಸೆಕೆಂಡಿಗೆ ಎಷ್ಟು ಬಾರಿ ಮೂಡಬೇಕು ಎಂಬುದನ್ನು ಆಯಾ ದೇಶದ ವಿದ್ಯುತ್ ಜಾಲದ ಆವರ್ತನಕ್ಕೆ ಹೊಂದಿಸಿದರು. ಇಲ್ಲವಾದರೆ ವಿದ್ಯುತ್ತಿನ ಗುಂಯ್‌ಗಾಟದಿಂದ ಉಂಟಾಗುವ ಪಟ್ಟೆಗಳು ಪರದೆಯ ಮೇಲೆ ಹರಿದಾಡುತ್ತಿದ್ದವು. ಅಮೆರಿಕದ ಕರೆಂಟು 60 ಹರ್ಟ್ಸ್, ಅಲ್ಲಿನ ಟಿವಿಯೂ 60. ಜಪಾನ್ ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯನ್ನೇ ಒಪ್ಪಿಕೊಂಡಿತು. (ಆ ದೇಶದ ಪೂರ್ವಭಾಗದ ಕರೆಂಟು ಇಂದಿಗೂ 50 ಹರ್ಟ್ಸ್ ಎಂಬುದು ಬೇರೆ ಮಾತು.) ಭಾರತದ ಕರೆಂಟು 50 ಹರ್ಟ್ಸ್. 1982ರಲ್ಲಿ ಬಣ್ಣದ ಪ್ರಸಾರ ಬಂದಾಗ ನಾವು ಆರಿಸಿಕೊಂಡ ಪಾಲ್ ಪದ್ಧತಿಯಲ್ಲಿ ಪರದೆ ಸೆಕೆಂಡಿಗೆ 50 ಬಾರಿ ಮೂಡುತ್ತದೆ.

ಫ್ಯಾಮಿಕಾಮ್ ಆಟಗಳಿಗೆ ಬೇರೆ ಗಡಿಯಾರವಿಲ್ಲ, ಟಿವಿಯ ಚಿತ್ರವೇ ಗಡಿಯಾರ. ಪ್ರತಿ ಚಿತ್ರದ ಕೊನೆಗೆ ಚಿತ್ರದ ಚಿಪ್ ಸಂಸ್ಕಾರಕಕ್ಕೆ ಒಂದು ಸೂಚನೆ ಕೊಡುತ್ತದೆ. ಸೂಚನೆ ಬಂದಾಗಲೊಮ್ಮೆ ಆಟಗಾರ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ, ಸಂಗೀತ ಒಂದು ಮಾತ್ರೆ ಸಾಗುತ್ತದೆ. ಸೂಚನೆ 60ರ ಬದಲು 50 ಬಾರಿ ಬಂದರೆ ಎಲ್ಲವೂ ಆರರಲ್ಲಿ ಐದು ಭಾಗಕ್ಕೆ ಇಳಿಯುತ್ತದೆ. ಜಪಾನಿನಲ್ಲಿ 60 ಸೆಕೆಂಡಿನಲ್ಲಿ ಮುಗಿಯುವ ಹಾಡಿಗೆ ಔರಾದಿನಲ್ಲಿ 72 ಸೆಕೆಂಡು ಬೇಕು. ಎಮ್ಯುಲೇಟರುಗಳು ಸಾಮಾನ್ಯವಾಗಿ ಜಪಾನ್–ಅಮೆರಿಕದ 60ನ್ನೇ ಹಿಡಿದು ಹೊರಡುವುದರಿಂದ ನಮ್ಮವರ ಕಿವಿಗೆ ಗಡಿಬಿಡಿ ಎನಿಸುತ್ತದೆ.

ಕುತೂಹಲದ ವಿಷಯವೆಂದರೆ ಬದಲಾಗುವುದು ಲಯ, ಶ್ರುತಿಯಲ್ಲ. ಸ್ವರದ ಎತ್ತರ ನಿರ್ಧಾರವಾಗುವುದು ಸಂಸ್ಕಾರಕದ ಗಡಿಯಾರ ಸ್ಪಂದನದಿಂದ. ಜಪಾನಿನ ಯಂತ್ರದಲ್ಲಿ ಅದು ಸೆಕೆಂಡಿಗೆ ಸುಮಾರು 17.90 ಲಕ್ಷ. ಪಾಲ್ ದೇಶಗಳಿಗೆಂದು ನಿಂಟೆಂಡೊ ತಾನೇ ತಯಾರಿಸಿದ ಯಂತ್ರದಲ್ಲಿ 16.63 ಲಕ್ಷ; ಅಂದರೆ ಜಪಾನಿನ ಹಾಡು ಅದರಲ್ಲಿ ನಿಧಾನವಾಗುವುದಷ್ಟೇ ಅಲ್ಲ, ಅರ್ಧ ಸ್ವರಕ್ಕಿಂತ ಹೆಚ್ಚು ತಗ್ಗುತ್ತದೆ. ಪಾಲ್ ದೇಶಗಳಿಗಾಗಿ ತಯಾರಾದ ನಕಲು ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿದ್ದ ಚಿಪ್ಪುಗಳ ವೇಗ 17.73 ಲಕ್ಷ, ಮೂಲಕ್ಕಿಂತ ಶೇಕಡಾ 1ರಷ್ಟೂ ಕಡಿಮೆಯಿಲ್ಲ. ನಕಲು ಮಾಡಿದವರು ಜಪಾನಿನ ಆಟಗಳು ಇದ್ದಹಾಗೇ ಓಡಬೇಕೆಂದು ಹೀಗೆ ಮಾಡಿದರು. ಅಗ್ಗದ ಮಾಲು ಎಂದು ಮೂಗು ಮುರಿಯುವ ಮುನ್ನ ಈ ಜಾಣತನವನ್ನು ಗಮನಿಸಬೇಕು.

ಅವರ ಇನ್ನೊಂದು ಉಪಾಯ ಇದಕ್ಕಿಂತ ಸೊಗಸು. ಜಪಾನಿನ ಯಂತ್ರ ಒಂದು ಚಿತ್ರಕ್ಕೆ 262 ಗೆರೆ ಎಣಿಸುತ್ತದೆ. ಅವುಗಳಲ್ಲಿ 240 ಕಾಣುವ ಗೆರೆಗಳು. ಸೂಚನೆ ಬಂದ ನಂತರ ಮುಂದಿನ ಚಿತ್ರಕ್ಕೆ ಸಿದ್ಧತೆ ಮಾಡಿಕೊಳ್ಳಲು ಸಿಗುವುದು 20 ಗೆರೆಗಳಷ್ಟು ಹೊತ್ತು. ಪಾಲ್ ಟಿವಿಗೆ 312 ಗೆರೆ ಬೇಕು. ಹೆಚ್ಚುವರಿ 50 ಗೆರೆಗಳನ್ನು ಎಲ್ಲಿ ಸೇರಿಸುವುದು? ನಿಂಟೆಂಡೊ ಅವನ್ನು ಸೂಚನೆಯ ನಂತರ ಸೇರಿಸಿತು, ಸಿದ್ಧತೆಯ ಹೊತ್ತು 70 ಗೆರೆಗಳಾಯಿತು. ಹೆಜ್ಜೆ ಎಣಿಸಿ ಬರೆದ ಜಪಾನಿನ ಆಟಗಳು ಇದರಿಂದ ದಾರಿ ತಪ್ಪುತ್ತಿದ್ದವು. ನಕಲು ಚಿಪ್ಪಿನವರು ಅವನ್ನು ಸೂಚನೆಯ ಮೊದಲು ಸೇರಿಸಿ ಸಿದ್ಧತೆಯ ಹೊತ್ತನ್ನು 20 ಗೆರೆಗಳಲ್ಲೇ ಉಳಿಸಿದರು. ಆಟಕ್ಕೆ ತಾನು ಪರದೇಶದಲ್ಲಿದ್ದೇನೆಂದು ಗೊತ್ತಾಗುವುದೇ ಇಲ್ಲ.

ರಷ್ಯಾದಲ್ಲಿ 1992ರಿಂದ ಮಾರಾಟವಾದ ‘ಡೆಂಡಿ’ ಎಂಬ ನಕಲು ಯಂತ್ರದ ಹೆಸರಿನಿಂದ ಎಮ್ಯುಲೇಟರುಗಳು ಈ ಬಗೆಯನ್ನು ಗುರುತಿಸುತ್ತವೆ. ಮೆಸೆನ್, ಎಫ್‌ಸಿಇಯುಎಕ್ಸ್ ಎರಡರಲ್ಲೂ ಪ್ರದೇಶ ಆರಿಸುವ ಕಡೆ ಎನ್‌ಟಿಎಸ್‌ಸಿ, ಪಾಲ್ ಜೊತೆಗೆ ‘ಡೆಂಡಿ’ ಎಂಬ ಮೂರನೆಯ ಆಯ್ಕೆಯಿದೆ. ಹಳೆಯ ಟಿವಿ ಗೇಮಿನ ಅನುಭವ ಬೇಕೆನ್ನುವ ಬೀದರಿನವರು ಒತ್ತಿ ನೋಡಬೇಕಾದದ್ದು ಇದನ್ನೇ, ‘ಪಾಲ್’ ಅನ್ನಲ್ಲ.

ಇನ್ನೊಂದು ಲೆಕ್ಕ ಮಾಡಿ ನೋಡಿ. ಒಂದು ಗೆರೆಗೆ 341 ಚುಕ್ಕೆ, ಮೂರು ಚುಕ್ಕೆಗೆ ಸಂಸ್ಕಾರಕದ ಒಂದು ಹೆಜ್ಜೆ. ಜಪಾನಿನ ಯಂತ್ರಕ್ಕೆ ಒಂದು ಚಿತ್ರದಲ್ಲಿ ಸಿಗುವುದು ಸುಮಾರು 29,781 ಹೆಜ್ಜೆ. ನಕಲು ಯಂತ್ರಕ್ಕೆ 35,464. ಶತ್ರುಗಳು ಹೆಚ್ಚಾದಾಗ ಸಂಸ್ಕಾರಕಕ್ಕೆ ಪುರಸೊತ್ತು ಸಾಲದೆ ಆಟ ತೊದಲುವುದು ಮೂಲ ಯಂತ್ರದ ಹಳೆಯ ರೋಗ. ನಮ್ಮ ಪೆಟ್ಟಿಗೆಗಳಿಗೆ ಚಿತ್ರವೊಂದಕ್ಕೆ ಶೇಕಡಾ 19ರಷ್ಟು ಹೆಚ್ಚು ಪುರಸೊತ್ತಿದ್ದುದರಿಂದ ಆ ತೊದಲು ಕಡಿಮೆ. ಇಂದಿನ ಎಮ್ಯುಲೇಟರುಗಳು ‘ಓವರ್‌ಕ್ಲಾಕಿಂಗ್’ ಎಂಬ ಹೆಸರಿನಲ್ಲಿ, ಸೂಚನೆಯ ಮೊದಲು ಖಾಲಿ ಗೆರೆ ಸೇರಿಸುವ ಸೌಲಭ್ಯ ಕೊಡುತ್ತವೆ. ನಕಲು ಚಿಪ್ಪಿನವರು ಮಾಡಿದ್ದೂ ಅದನ್ನೇ.

ಹಿಂದಕ್ಕೆ ಮತ್ತು ಮುಂದಕ್ಕೆ

ಯಂತ್ರದ ಸ್ಥಿತಿಯೆಲ್ಲ ಒಂದಿಷ್ಟು ಸಂಖ್ಯೆಗಳು. ಎರಡು ಸ್ಮೃತಿಗಳು, ಚಿತ್ರದ ಚಿಪ್ಪಿನ ಸಣ್ಣ ಕೋಷ್ಟಕಗಳು ಎಲ್ಲ ಸೇರಿ ಸುಮಾರು 4,400 ಬೈಟ್; ಕೆಲವು ಕ್ಯಾಸೆಟ್ಟುಗಳಲ್ಲಿ ಇನ್ನೂ 8 ಕಿಲೋಬೈಟ್ ಇರುತ್ತದೆ. ಅಷ್ಟನ್ನು ಬರೆದಿಟ್ಟುಕೊಂಡರೆ ಆ ಕ್ಷಣಕ್ಕೆ ಯಾವಾಗ ಬೇಕಾದರೂ ಮರಳಬಹುದು. ರಿವೈಂಡ್ ಸೌಲಭ್ಯ ನಿಂತಿರುವುದು ಇದರ ಮೇಲೆ. ಪ್ರತಿ ಚಿತ್ರಕ್ಕೂ ಬರೆದಿಟ್ಟರೆ ನಿಮಿಷಕ್ಕೆ ಸುಮಾರು 16 ಮೆಗಾಬೈಟ್ ಬೇಕು. ಜಾಣ ಉಪಾಯವೆಂದರೆ 30 ಚಿತ್ರಗಳಿಗೊಮ್ಮೆ ಪೂರ್ತಿ ಸ್ಥಿತಿ ಬರೆದು, ನಡುವೆ ಯಾವ ಗುಂಡಿ ಒತ್ತಲಾಯಿತು ಎಂಬುದನ್ನಷ್ಟೇ ದಾಖಲಿಸುವುದು. ಒಂದು ರಿಮೋಟಿನ ಎಂಟು ಗುಂಡಿಗೆ ಒಂದು ಬೈಟ್ ಸಾಕು. ಒಂದೇ ಸ್ಥಿತಿಗೆ ಒಂದೇ ಗುಂಡಿ ಕೊಟ್ಟರೆ ಯಂತ್ರ ನೂರು ಸಲವೂ ಒಂದೇ ಉತ್ತರ ಕೊಡುತ್ತದೆ. ಹಾಗಾಗಿ ನಡುವಿನ ಚಿತ್ರಗಳನ್ನು ಮತ್ತೆ ಲೆಕ್ಕ ಹಾಕಿ ಪಡೆಯಬಹುದು.

‘ರೆಟ್ರೊಆರ್ಚ್’ ತಂತ್ರಾಂಶಕ್ಕೆ 2018ರಲ್ಲಿ ಬಂದ ರನ್-ಅಹೆಡ್, ಅಂದರೆ ಮುಂದೋಟ, ಇದೇ ಗುಣದ ಇನ್ನೊಂದು ಬಳಕೆ. ಹಳೆಯ ಆಟಗಳು ಗುಂಡಿ ಒತ್ತಿದ ಒಂದೆರಡು ಚಿತ್ರಗಳ ನಂತರವೇ ಅದರ ಫಲ ತೋರಿಸುತ್ತವೆ. ಎಲ್‌ಸಿಡಿ ಪರದೆ ಇನ್ನಷ್ಟು ತಡ ಮಾಡುತ್ತದೆ. ಎಮ್ಯುಲೇಟರ್ ಈಗಿನ ಸ್ಥಿತಿಯನ್ನು ಬರೆದಿಟ್ಟು, ಒತ್ತಿದ ಗುಂಡಿ ಹಾಗೇ ಇದೆ ಎಂದುಕೊಂಡು ಎರಡು ಚಿತ್ರ ಮುಂದೆ ಓಡಿ, ಆ ಎರಡನೆಯ ಚಿತ್ರವನ್ನು ನಮಗೆ ತೋರಿಸಿ, ಸದ್ದಿಲ್ಲದೆ ಹಿಂದಿನ ಸ್ಥಿತಿಗೆ ಬರುತ್ತದೆ. 60 ಹರ್ಟ್ಸ್‌ನಲ್ಲಿ 33 ಮಿಲಿಸೆಕೆಂಡು ಉಳಿಯಿತು. ಬೆಲೆಯೆಂದರೆ ಪ್ರತಿ ಚಿತ್ರಕ್ಕೂ ಮೂರು ಪಟ್ಟು ಕೆಲಸ. ಆಸೆಪಟ್ಟು ಹೆಚ್ಚು ಚಿತ್ರ ಓಡಿಸಿದರೆ ಜಿಗಿತದ ಮೊದಲ ಭಾಗವೇ ಕಾಣೆಯಾಗುತ್ತದೆ.

ಬಾತುಕೋಳಿ ಹೊಡೆಯುವ ಪಿಸ್ತೂಲು ಹೊಸ ಟಿವಿಗಳಲ್ಲಿ ಕೆಲಸ ಮಾಡದಿರುವುದೂ ಈ ತಡದಿಂದಲೇ. ಕುದುರೆ ಒತ್ತಿದಾಗ ಆಟ ಪರದೆಯನ್ನು ಕಪ್ಪಾಗಿಸಿ ಹಕ್ಕಿಯ ಜಾಗದಲ್ಲಿ ಬಿಳಿ ಚೌಕ ಮೂಡಿಸುತ್ತದೆ. ಪಿಸ್ತೂಲಿನೊಳಗಿನ ಬೆಳಕುಗ್ರಾಹಿ ಅದೇ ಕ್ಷಣದಲ್ಲಿ ಅದನ್ನು ಕಾಣಬೇಕು. ಎಮ್ಯುಲೇಟರಿನಲ್ಲಿ ಮೌಸೇ ಪಿಸ್ತೂಲು. ಅದು ತೋರಿಸಿದ ಜಾಗದ ಚುಕ್ಕೆ ಬಿಳಿಯೋ ಕಪ್ಪೋ ಎಂದು ತಂತ್ರಾಂಶವೇ ನೋಡಿಕೊಳ್ಳುತ್ತದೆ.

ಕಪ್ಪು ಉಂಡೆಯ ಕ್ಯಾಸೆಟ್ಟು

ಈ ಸೌಲಭ್ಯಗಳೆಲ್ಲ ಚೆಂದವೇ. ಆದರೆ ನನ್ನ ಎಣಿಕೆಯಲ್ಲಿ ಇವೆಲ್ಲಕ್ಕಿಂತ ತೂಕದ್ದು ‘9999 ಆಟಗಳು’ ಎಂದು ಬರೆದುಕೊಂಡು ಬರುತ್ತಿದ್ದ ನಕಲು ಕ್ಯಾಸೆಟ್ಟುಗಳನ್ನು ಓದುವ ಶಕ್ತಿ. ಒಳಗೆ ಇರುತ್ತಿದ್ದದ್ದು ಬೆರಳೆಣಿಕೆಯ ಆಟಗಳು, ಹೆಸರು ಬದಲಿಸಿ ಮತ್ತೆ ಮತ್ತೆ. 6502ಗೆ 16 ವಿಳಾಸ ತಂತಿಗಳಿದ್ದು ಒಟ್ಟು 64 ಕಿಲೋಬೈಟ್ ಕಾಣುತ್ತದೆ. ಆಟದ ಆದೇಶಗಳಿಗೆ ಸಾಮಾನ್ಯವಾಗಿ ಸಿಗುವ ಕಿಟಕಿ ಅದರಲ್ಲಿ 32. ಅದಕ್ಕಿಂತ ದೊಡ್ಡ ಕ್ಯಾಸೆಟ್ಟಿನಲ್ಲಿ ಯಾವ ತುಂಡು ಈಗ ಕಿಟಕಿಗೆ ಬರಬೇಕೆಂದು ಆರಿಸುವ ಮಂಡಲವೊಂದು ಇರುತ್ತದೆ. ಇದಕ್ಕೆ ‘ಮ್ಯಾಪರ್’ ಎಂದು ಹೆಸರು. ನಕಲು ಮಾಡಿದವರು ಒಬ್ಬೊಬ್ಬರು ಒಂದೊಂದು ಬಗೆಯ ಮ್ಯಾಪರ್ ಕಟ್ಟಿ ಕಪ್ಪು ಅಂಟಿನ ಉಂಡೆಯೊಳಗೆ ಮುಚ್ಚಿದರು, ನಕ್ಷೆ ಬರೆದಿಡಲಿಲ್ಲ. ಎಮ್ಯುಲೇಟರುಗಳಿಗೆ ಹೊಸ ಮ್ಯಾಪರುಗಳು ಸೇರುವುದು ಯಾರೋ ಹವ್ಯಾಸಿ ಒಂದು ಕ್ಯಾಸೆಟ್ಟನ್ನು ಓದಿ, ಅದರ ನಡತೆಯನ್ನು ಕಂಡುಹಿಡಿದಾಗ. ಗುಜರಿಗೆ ಹೋದ ಕ್ಯಾಸೆಟ್ಟಿನ ಮ್ಯಾಪರ್ ಊಹಿಸಿ ಬರೆಯಲು ಬರುವುದಿಲ್ಲ.

ಕಾನೂನಿನ ಮಾತೂ ಇದೆ. ಆಟಗಳಿಗೆ ಕೃತಿಸ್ವಾಮ್ಯವಿದೆ, ಅಂತರಜಾಲದಿಂದ ಸಿಕ್ಕಿದ್ದನ್ನು ಇಳಿಸಿಕೊಳ್ಳುವುದು ಸರಿಯಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಪ್ರಕರಣ, ಕಾನೂನುಬದ್ಧವಾಗಿ ತನ್ನಲ್ಲಿರುವ ತಂತ್ರಾಂಶದ ಪ್ರತಿ ಹಾಳಾದೀತೆಂದು ಕಾಪುಪ್ರತಿ ಮಾಡಿಕೊಳ್ಳಲು ಅವಕಾಶ ಕೊಡುತ್ತದೆ. ಅದು ಹಂಚಲು ಅನುಮತಿಯಲ್ಲ. ನಕಲು ಕ್ಯಾಸೆಟ್ಟು ಮೊದಲೇ ಅನುಮತಿಯಿಲ್ಲದ ಪ್ರತಿಯಾದ್ದರಿಂದ ಅದಕ್ಕೆ ಈ ರಿಯಾಯಿತಿ ಸಲೀಸಾಗಿ ಅನ್ವಯಿಸುವುದಿಲ್ಲ. ತರಗತಿಯ ಬಳಕೆಗೆ ಹವ್ಯಾಸಿಗಳು ಈ ಯಂತ್ರಕ್ಕೆಂದೇ ಹೊಸದಾಗಿ ಬರೆದು ಮುಕ್ತವಾಗಿ ಕೊಟ್ಟಿರುವ ಆಟಗಳಿವೆ. ಅಂಥ ಒಂದನ್ನು ಎನ್‌ಟಿಎಸ್‌ಸಿ, ಪಾಲ್, ಡೆಂಡಿ ಮೂರರಲ್ಲೂ ಓಡಿಸಿ, ಮಕ್ಕಳ ಕೈಗೆ ಸ್ಟಾಪ್‌ವಾಚ್ ಕೊಟ್ಟು ಹಾಡಿನ ಅವಧಿ ಅಳೆಸಬಹುದು. ಹಾರ್ಮೋನಿಯಂ ಇದ್ದರೆ ಶ್ರುತಿಯನ್ನೂ ಹೋಲಿಸಬಹುದು. ಆಟ 50 ಹರ್ಟ್ಸನ್ನು ಗುರುತಿಸಿ ತಾನೇ ವೇಗ ಸರಿಪಡಿಸಿಕೊಳ್ಳುವ ಬಗೆಯದಾದರೆ 72 ಸೆಕೆಂಡು ಬರುವುದಿಲ್ಲ. ಬೇರೆ ಆಟ ಆರಿಸಬೇಕು.

ಅಟ್ಟದ ಮೇಲೆ ಹಳೆಯ ಕ್ಯಾಸೆಟ್ಟು ಸಿಕ್ಕರೆ ಅದರ ಹಲ್ಲುಗಳಿಗೆ ಬಾಯಿಂದ ಊದಬೇಡಿ; ಉಸಿರಿನ ತೇವ ಲೋಹಕ್ಕೆ ಒಳ್ಳೆಯದಲ್ಲ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಪೆಟ್ಟಿಗೆಗೆ ಹಾಕಿ.