ವಾಲದ ಬೈಕಿಗೆ ಯಾವ ಟಯರು?

1975ರಲ್ಲಿ ತೆರೆಗೆ ಬಂದ ‘ಶೋಲೆ’ ಚಿತ್ರದ ಬಹುಭಾಗವನ್ನು ರಾಮನಗರದ ಬಂಡೆಗಳ ನಡುವೆ ಚಿತ್ರೀಕರಿಸಿದ್ದು ನಮ್ಮಲ್ಲಿ ಅನೇಕರು ಬಲ್ಲ ಸಂಗತಿ. ಆ ಚಿತ್ರದ ಗೆಳೆತನದ ಹಾಡಿನಲ್ಲಿ ನಾಯಕರಿಬ್ಬರು ಸೈಡ್‌ಕಾರ್ ಜೋಡಿಸಿದ ಮೋಟಾರ್‌ಸೈಕಲ್ಲಿನಲ್ಲಿ ಸಾಗುತ್ತಾರೆ. ನಡುವೆ ಒಮ್ಮೆ ಸೈಡ್‌ಕಾರ್ ಕಳಚಿಕೊಂಡು ತನ್ನದೇ ದಾರಿ ಹಿಡಿಯುತ್ತದೆ. ಬಳಿಕ ಮತ್ತೆ ಬಂದು ಸೇರಿಕೊಳ್ಳುತ್ತದೆ. ಪ್ರೇಕ್ಷಕರಿಗೆ ಅದು ನಗೆಯ ಪ್ರಸಂಗ. ಯಂತ್ರವನ್ನು ಬಲ್ಲವನಿಗಾದರೋ ಅಲ್ಲೊಂದು ಗಂಭೀರ ಪ್ರಶ್ನೆಯಿದೆ: ಒಂಟಿಯಾಗಿ ಓಡುವ ಬೈಕಿಗೂ ಸೈಡ್‌ಕಾರ್ ಕಟ್ಟಿಕೊಂಡ ಬೈಕಿಗೂ ಒಂದೇ ಬಗೆಯ ಟಯರು ಸಲ್ಲುತ್ತದೆಯೆ? ಸೈಡ್‌ಕಾರ್ ಪ್ರಿಯರಲ್ಲಿ ಹಲವರು ತಮ್ಮ ವಾಹನಕ್ಕೆ ಕಾರಿನ ರೇಡಿಯಲ್ ಟಯರನ್ನು ಅಳವಡಿಸಿಕೊಳ್ಳುವುದುಂಟು. ಹಾಗೇಕೆ ಮಾಡುತ್ತಾರೆ, ಹಾಗೆ ಮಾಡುವಾಗ ಏನನ್ನು ಗಮನಿಸಬೇಕು ಎಂಬುದನ್ನು ವಿವರಿಸುವುದು ಈ ಬರಹದ ಉದ್ದೇಶ.

ಮೊದಲು ಬೈಕಿನ ನಡೆಯನ್ನು ನೋಡೋಣ. ಎರಡು ಚಕ್ರದ ವಾಹನ ತಿರುವಿನಲ್ಲಿ ಒಳಮಗ್ಗುಲಿಗೆ ವಾಲಲೇಬೇಕು. ವಾಲದಿದ್ದರೆ ಹೊರಕ್ಕೆ ಉರುಳುತ್ತದೆ. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ 30 ಮೀಟರ್ ತ್ರಿಜ್ಯದ ತಿರುವನ್ನು ದಾಟುವ ಬೈಕು ಸುಮಾರು 19 ಡಿಗ್ರಿಯಷ್ಟು ವಾಲಬೇಕಾಗುತ್ತದೆ. ಎಷ್ಟೇ ವಾಲಿದರೂ ಟಯರಿನ ಯಾವುದಾದರೊಂದು ಭಾಗ ನೆಲವನ್ನು ಭದ್ರವಾಗಿ ಹಿಡಿದಿರಬೇಕು. ಆದಕಾರಣವೇ ಬೈಕಿನ ಟಯರನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ಅದರ ಹೊರಮೈ ಕಮಾನಿನಂತೆ ದುಂಡಗಿರುತ್ತದೆ. ಆ ದುಂಡುತನ ಅಲಂಕಾರಕ್ಕಾಗಿ ಬಂದುದಲ್ಲ, ವಾಲುವ ಅಗತ್ಯದಿಂದ ಹುಟ್ಟಿದ್ದು.

ಈಗ ಪಕ್ಕಕ್ಕೆ ಮೂರನೆಯ ಚಕ್ರವೊಂದನ್ನು ಬಿಗಿದೆವೆಂದುಕೊಳ್ಳಿ. ವಾಹನ ಇನ್ನು ವಾಲಲಾರದು. ಎತ್ತಿನ ಗಾಡಿಯ ಚಕ್ರದಂತೆ ಬೈಕಿನ ಚಕ್ರಗಳೂ ನೆಟ್ಟಗೆ ನಿಂತೇ ಉರುಳಬೇಕು. ಗಾಡಿಯ ಚಕ್ರಕ್ಕೆ ಬಡಗಿಯೂ ಕಮ್ಮಾರನೂ ಸೇರಿ ತೊಡಿಸುವ ಕಬ್ಬಿಣದ ಪಟ್ಟಿ ಚಪ್ಪಟೆಯಾಗಿರುವುದನ್ನು ನೀವು ಕಂಡಿರುತ್ತೀರಿ. ವಾಲದ ಚಕ್ರಕ್ಕೆ ಚಪ್ಪಟೆ ಮೈಯೇ ಲೇಸು. ದುಂಡು ಟಯರು ಅಂಥ ವಾಹನದಲ್ಲಿ ತನ್ನ ನಡುಭಾಗದ ಕಿರಿದಾದ ಪಟ್ಟಿಯಿಂದ ಮಾತ್ರ ನೆಲವನ್ನು ಮುಟ್ಟುತ್ತದೆ. ಭಾರವೆಲ್ಲ ಅದರ ಮೇಲೆಯೇ ಬೀಳುವುದರಿಂದ ನಡುಭಾಗ ಬೇಗನೆ ಸವೆದು ಬೋಳಾಗುತ್ತದೆ. ಎರಡು ಅಂಚುಗಳು ಮಾತ್ರ ಹೊಸದರಂತೆ ಉಳಿದಿರುತ್ತವೆ. ಹಿಂದಿನ ಟಯರಿನ ಪಾಡಂತೂ ಇನ್ನೂ ಕಷ್ಟದ್ದು: ಸೈಡ್‌ಕಾರಿನ ಭಾರವನ್ನೂ ಎಳೆಯಬೇಕು, ತಿರುವಿನಲ್ಲಿ ಪಕ್ಕಕ್ಕೆ ತಳ್ಳುವ ಬಲವನ್ನೂ ತಡೆಯಬೇಕು. ವಾಲುವ ಬೈಕಿನಲ್ಲಿ ಬಲವು ಚಕ್ರದ ತಳದಿಂದ ಅದರ ನಡುವಿನತ್ತ ಹಾಯುತ್ತದೆ. ವಾಲದ ವಾಹನದಲ್ಲಿ ಅದು ಚಕ್ರವನ್ನು ಅಡ್ಡಲಾಗಿ ಬಾಗಿಸಲು ಹವಣಿಸುತ್ತದೆ.

ಇಲ್ಲಿಗೆ ಕಾರಿನ ಟಯರು ಏಕೆ ಒದಗುತ್ತದೆಂಬುದು ಸ್ಪಷ್ಟವಾಗುತ್ತದೆ. ಕಾರು ಕೂಡ ವಾಲದ ವಾಹನ. ಅದರ ಟಯರಿನ ಮೈ ಚಪ್ಪಟೆ, ಅಗಲ. ಅದರಲ್ಲಿಯೂ ರೇಡಿಯಲ್ ಟಯರಿನ ರಚನೆ ಗಮನಾರ್ಹವಾದುದು. ಟಯರಿನ ರಬ್ಬರಿನೊಳಗೆ ನೂಲಿನ ಪದರಗಳಿರುತ್ತವೆ. ಹಳೆಯ ಬಗೆಯ ಟಯರಿನಲ್ಲಿ ಈ ನೂಲುಗಳು ಓರೆಯಾಗಿ ಸಾಗಿ ಒಂದನ್ನೊಂದು ಹಾಯುತ್ತವೆ. ರೇಡಿಯಲ್ ಟಯರಿನಲ್ಲಿ ಅವು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಹೋಗುತ್ತವೆ. ಪಕ್ಕದಿಂದ ನೋಡಿದರೆ ಗಾಡಿಚಕ್ರದ ಅರಗಳ ಹಾಗೆ ಹರಡಿಕೊಂಡಂತೆ ತೋರುತ್ತವೆ. ರೇಡಿಯಲ್ ಎಂಬ ಹೆಸರಿನ ಅರ್ಥವೂ ಅದೇ. ನೆಲ ತಾಕುವ ಮೈಯ ಕೆಳಗೆ ಉಕ್ಕಿನ ತಂತಿಗಳ ಪಟ್ಟಿಯೊಂದು ಸುತ್ತುವರಿದಿರುತ್ತದೆ. ಹೀಗಾಗಿ ಟಯರಿನ ಪಕ್ಕದ ಗೋಡೆ ಬಾಗಿ ಬಳುಕಿದರೂ ನೆಲ ಮುಟ್ಟುವ ಮೈ ಚಪ್ಪಟೆಯಾಗಿಯೇ ನಿಲ್ಲುತ್ತದೆ, ನಿಧಾನವಾಗಿ ಸವೆಯುತ್ತದೆ. ಫ್ರಾನ್ಸಿನ ಮಿಷೆಲಿನ್ ಸಂಸ್ಥೆ ಇಂಥ ಟಯರಿಗೆ 1946ರಲ್ಲಿ ಹಕ್ಕುಪತ್ರ ಪಡೆಯಿತು.

ಆದರೆ ಯಾವ ಕಾರಿನ ಟಯರಾದರೂ ಆದೀತೆ? ಟಯರಿನ ಮೇಲೆ ಅಚ್ಚಾಗಿರುವ ಅಂಕಿಗಳನ್ನು ಓದಲು ಕಲಿತರೆ ಉತ್ತರ ದೊರೆಯುತ್ತದೆ. ಮಾರುತಿ 800 ಕಾರಿನ ಟಯರಿನ ಅಳತೆ 145/70 ಆರ್ 12. ಇದರಲ್ಲಿ 145 ಎಂಬುದು ಮಿಲಿಮೀಟರಿನಲ್ಲಿ ಅಗಲ. 70 ಎಂಬುದು ಅಗಲದ ಶೇಕಡಾ ಎಷ್ಟು ಪಾಲು ಪಕ್ಕದ ಗೋಡೆಯ ಎತ್ತರವೆಂಬುದು. ‘ಆರ್’ ಎಂದರೆ ರೇಡಿಯಲ್. 12 ಎಂಬುದು ಅಂಗುಲದಲ್ಲಿ ರಿಮ್ಮಿನ ವ್ಯಾಸ. ಲೆಕ್ಕ ಹಾಕಿದರೆ ಇಡೀ ಚಕ್ರದ ವ್ಯಾಸ ಸುಮಾರು 51 ಸೆಂಟಿಮೀಟರ್. ಹಳೆಯ ಬುಲೆಟ್ ಬೈಕಿನ 19 ಅಂಗುಲದ ರಿಮ್ಮಿಗೆ 3.25 ಅಂಗುಲದ ಟಯರು ಹಾಕಿದಾಗ ವ್ಯಾಸ ಸುಮಾರು 65 ಸೆಂಟಿಮೀಟರ್. ಇದನ್ನು ತೆಗೆದು ಅದನ್ನು ಹಾಕಿದರೆ ಅಚ್ಚು 7 ಸೆಂಟಿಮೀಟರಿನಷ್ಟು ನೆಲಕ್ಕೆ ಇಳಿಯುತ್ತದೆ, ವೇಗಮಾಪಕ ಸುಳ್ಳು ಹೇಳತೊಡಗುತ್ತದೆ. ಆದ್ದರಿಂದ ಯುರೋಪಿನ ಸೈಡ್‌ಕಾರ್ ಕಟ್ಟುವವರು 15 ಅಂಗುಲದ ರಿಮ್ಮನ್ನು ಮೆಚ್ಚಿದರು. ಸಿಟ್ರೊಯೆನ್ 2 ಸಿವಿ ಎಂಬ ಫ್ರೆಂಚ್ ಕಾರಿನ 125 ಆರ್ 15 ಟಯರು ಅಗಲದಲ್ಲಿ ಕಿರಿದು, ಎತ್ತರದಲ್ಲಿ ಸಾಕಷ್ಟು ಹಿರಿದು. ಅದರ ವ್ಯಾಸ ಸುಮಾರು 58 ಸೆಂಟಿಮೀಟರ್. ಚಕ್ರ ಸ್ವಲ್ಪ ಚಿಕ್ಕದಾದಾಗ ಎಂಜಿನ್ನಿಗೆ ಎಳೆಯುವುದು ಸುಲಭ. ಭಾರ ಹೊತ್ತ ವಾಹನಕ್ಕೆ ಅದೂ ಒಂದು ಅನುಕೂಲ.

ಇನ್ನು ಅಪಾಯದ ಮಾತು. ಬೈಕಿನ ರಿಮ್ಮಿಗೂ ಕಾರಿನ ರಿಮ್ಮಿಗೂ ವ್ಯಾಸದ ಅಂಕಿ ಒಂದೇ ಆಗಿದ್ದರೂ ಟಯರಿನ ಅಂಚು ಕೂರುವ ಪೀಠದ ಆಕಾರ ಬೇರೆ. ಟಯರಿನ ಒಳ ಅಂಚಿನಲ್ಲಿ ತಂತಿಯ ಬಳೆಯಿರುತ್ತದೆ. ಅದನ್ನು ಬೀಡ್ ಎನ್ನುತ್ತಾರೆ. ಕಾರಿನ ಬೀಡು ಬೈಕಿನ ರಿಮ್ಮಿನಲ್ಲಿ ಸರಿಯಾಗಿ ಕೂರದಿದ್ದಾಗ ಕೆಲವರು ಮಿತಿ ಮೀರಿ ಗಾಳಿ ತುಂಬಿ ಅದನ್ನು ಕೂರಿಸಲು ನೋಡುತ್ತಾರೆ. ಬೀಡು ಹರಿದರೆ ಟಯರು ಎದುರಿಗಿರುವವನ ಮುಖಕ್ಕೇ ಸಿಡಿಯಬಹುದು. ಹೇಗೋ ಕೂತಂತೆ ಕಂಡರೂ ತಿರುವಿನ ಅಡ್ಡಬಲಕ್ಕೆ ಅದು ಜಾರಿ ಗಾಳಿ ಒಮ್ಮೆಲೇ ಹೊರಬೀಳಬಹುದು. ಸರಿಯಾದ ದಾರಿಯೆಂದರೆ ಕಾರಿನ ಟಯರಿಗೆಂದೇ ಮಾಡಿದ ರಿಮ್ಮನ್ನು ಬೈಕಿನ ಗುಂಬಕ್ಕೆ ಜೋಡಿಸಿದ ಹೊಸ ಚಕ್ರವನ್ನೇ ಕಟ್ಟಿಸುವುದು. ಆ ಚಕ್ರ ಅಡ್ಡಬಲವನ್ನು ತಾಳಬೇಕು. ತೆಳುವಾದ ಕಡ್ಡಿಗಳು ಸಾಲವು. ಅಗಲವಾದ ಟಯರು ಚೈನಿಗಾಗಲಿ ಮಡ್‌ಗಾರ್ಡಿಗಾಗಲಿ ಉಜ್ಜದಂತೆಯೂ ನೋಡಿಕೊಳ್ಳಬೇಕು. ಕಾರಿನ ಭಾರಕ್ಕೆ ಹೇಳಿದ ಗಾಳಿಯನ್ನೇ ಈ ಹಗುರ ವಾಹನಕ್ಕೂ ತುಂಬಿದರೆ ಟಯರು ಕಲ್ಲಿನಂತಾಗಿ ನೆಲದ ಹಿಡಿತ ಕುಗ್ಗುತ್ತದೆ.

ಮುಂದಿನ ಚಕ್ರಕ್ಕೆ ಇನ್ನೊಂದು ತೊಡಕಿದೆ. ಹ್ಯಾಂಡಲು ತಿರುಗುವ ಅಕ್ಷವನ್ನು ನೆಲದವರೆಗೆ ಎಳೆದಂತೆ ಭಾವಿಸಿದರೆ ಅದು ನೆಲವನ್ನು ಮುಟ್ಟುವ ಬಿಂದುವಿಗಿಂತ ಟಯರು ನೆಲ ತಾಕುವ ಬಿಂದು ಸ್ವಲ್ಪ ಹಿಂದಿರುತ್ತದೆ. ಈ ಅಂತರ ಒಂಟಿ ಬೈಕನ್ನು ನೇರವಾಗಿ ಓಡಿಸಲು ನೆರವಾಗುತ್ತದೆ. ಸೈಡ್‌ಕಾರ್ ಸೇರಿದಾಗಲಾದರೋ ಅದೇ ಅಂತರ ಹ್ಯಾಂಡಲನ್ನು ಭಾರವಾಗಿಸುತ್ತದೆ. ಅಗಲವಾದ ಟಯರು ಆ ಭಾರವನ್ನು ಹೆಚ್ಚಿಸುತ್ತದೆ. ಆದ್ದರಿಂದ ಅನುಭವಿಗಳು ಮುಂಗವೆಯನ್ನೂ ಬದಲಿಸಿ ಅಂತರವನ್ನು ಕಡಿಮೆ ಮಾಡುತ್ತಾರೆ.

ಹಿಡಿತ ಹೆಚ್ಚಿದಷ್ಟೂ ಒಳ್ಳೆಯದೆಂಬ ನಂಬಿಕೆಯೂ ಪೂರ್ಣ ಸತ್ಯವಲ್ಲ. ನಮ್ಮ ದೇಶದಲ್ಲಿ ಸೈಡ್‌ಕಾರ್ ಬೈಕಿನ ಎಡಕ್ಕಿರುತ್ತದೆ. ವೇಗವಾಗಿ ಎಡಕ್ಕೆ ತಿರುಗಿದಾಗ ಅದರ ಚಕ್ರ ನೆಲ ಬಿಟ್ಟು ಏಳಲು ಹವಣಿಸುತ್ತದೆ. ಹಿಡಿತ ಕಡಿಮೆಯಿರುವ ಟಯರು ಅಷ್ಟರಲ್ಲಿ ಪಕ್ಕಕ್ಕೆ ಜಾರಿ ಸವಾರನಿಗೆ ಎಚ್ಚರಿಕೆ ನೀಡಬಹುದು. ನೆಲವನ್ನು ಬಿಗಿಯಾಗಿ ಹಿಡಿದ ಟಯರು ಜಾರುವುದಿಲ್ಲ. ಆಗ ವಾಹನ ಮಗುಚುವ ಸಂಭವ ಹೆಚ್ಚು. ಸೈಡ್‌ಕಾರ್ ಖಾಲಿಯಿರುವಾಗ ಅದರಲ್ಲಿ ಮರಳಿನ ಚೀಲ ಇಟ್ಟುಕೊಂಡು ಓಡಿಸುವ ರೂಢಿ ಬಂದುದು ಇದಕ್ಕಾಗಿಯೇ.

ಈ ವಿಚಾರ ಹವ್ಯಾಸಿಗಳಿಗೆ ಮಾತ್ರ ಸೇರಿದ್ದೆಂದು ತಿಳಿಯಬೇಡಿ. ಅಂಗವಿಕಲರ ಅನುಕೂಲಕ್ಕಾಗಿ ಹಿಂಬದಿಯ ಎರಡೂ ಪಕ್ಕಗಳಿಗೆ ಚಕ್ರ ಜೋಡಿಸಿದ ಸ್ಕೂಟರುಗಳನ್ನು ನಾವು ನಿತ್ಯ ಕಾಣುತ್ತೇವೆ. ಅವೂ ವಾಲದ ವಾಹನಗಳೇ. ಅವುಗಳ ಹಿಂದಿನ ಟಯರನ್ನೊಮ್ಮೆ ಬಾಗಿ ನೋಡಿ: ಅಂಚಿನ ಗೆರೆಗಳು ಚೆನ್ನಾಗಿದ್ದು ನಡುಭಾಗ ಸವೆದಿರುವುದು ಕಾಣಬಹುದು. ಪಕ್ಕದಿಂದ ಹೊಸದಾಗಿ ತೋರುವ ಆ ಟಯರು ಮಳೆಗಾಲದಲ್ಲಿ ಮೋಸ ಮಾಡೀತು. ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಅಂಥ ಸ್ಕೂಟರಿದ್ದರೆ ಇದನ್ನು ತಿಳಿಸಿ. ತಿರುವಿನಲ್ಲಿ ವೇಗ ತಗ್ಗಿಸಬೇಕೆಂಬುದನ್ನೂ ನೆನಪಿಸಿ. ಕಾನೂನಿನ ಅರಿವೂ ಅಗತ್ಯ. ನೋಂದಣಿ ಪತ್ರದಲ್ಲಿರುವ ತಯಾರಕರ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಅಧಿನಿಯಮದ 52ನೆಯ ಕಲಮು ನಿರ್ಬಂಧಿಸುತ್ತದೆ.

ಕನ್ನಡ ವ್ಯಾಕರಣ ಓದುವ ನಮಗೆ ಇದರ ಮರ್ಮ ಹೊಸತಲ್ಲ. ‘ಅವನು ಬಂದನು’ ಎಂಬಲ್ಲಿ ಕರ್ತೃಪದವನ್ನು ‘ಅವಳು’ ಎಂದು ಬದಲಿಸಿ ಕ್ರಿಯಾಪದವನ್ನು ಹಾಗೆಯೇ ಬಿಟ್ಟರೆ ವಾಕ್ಯ ಕೆಡುತ್ತದೆ. ಮೂರನೆಯ ಚಕ್ರ ಬಂದಾಗ ಟಯರು ಬದಲಾಗಬೇಕು. ಟಯರು ಬದಲಾದಾಗ ರಿಮ್ಮು, ಮುಂಗವೆ, ಗಾಳಿಯ ಒತ್ತಡ, ಸವಾರನ ಅಭ್ಯಾಸ ಇವೆಲ್ಲವೂ ಬದಲಾಗಬೇಕು. ಒಂದನ್ನು ಮಾತ್ರ ಬದಲಿಸಿ ನಿಂತರೆ ಅದರ ಬೆಲೆ ತೆರುವವನು ಸವಾರನೊಬ್ಬನೇ ಅಲ್ಲ. ಹ್ಯಾಂಡಲೂ ಬ್ರೇಕೂ ಇಲ್ಲದೆ, ಅವನನ್ನೇ ನಂಬಿ ಪಕ್ಕದಲ್ಲಿ ಕುಳಿತವನೂ ಹೌದು.

ಮೊದಲಿನ ಪ್ರಶ್ನೆಗೆ ಉತ್ತರವೂ ಇದರಲ್ಲಿಯೇ ಅಡಗಿದೆ. ಕಾರಿನ ಟಯರು ತೊಟ್ಟ ಬೈಕಿನಿಂದ ಸೈಡ್‌ಕಾರನ್ನು ಕಳಚಿದರೆ, ಮರುಗಳಿಗೆಯೇ ಆ ಬೈಕು ವಾಲಬೇಕಾಗುತ್ತದೆ. ಚಪ್ಪಟೆ ಟಯರು ಒಂದು ಅಂಚಿನ ಮೇಲೆ ಎದ್ದು ನಿಲ್ಲುತ್ತದೆ. ಆದುದರಿಂದ ಆ ಹಾಡಿನ ಬೈಕಿನಂತೆ ಕಳಚಿಯೂ ಕೂಡಿಯೂ ಓಡಬೇಕಾದ ವಾಹನಕ್ಕೆ ದುಂಡು ಟಯರೇ ಇರಲಿ. ಎಂದೆಂದಿಗೂ ಅಗಲದ ಜೋಡಿಗೆ ಮಾತ್ರ ಚಪ್ಪಟೆ ಟಯರು ಸಲ್ಲುತ್ತದೆ.